ಪವಾಡವೂ ಎದೆಗಾರಿಕೆಯೂ: ಶ್ರದ್ಧಾಕಾವ್ಯದ ನಾಲ್ಕು ಸಾಕ್ಷ್ಯಗಳು

ಸತ್ಪುರುಷರ ಚರಿತ್ರೆಗಳನ್ನು ಓದುವಾಗ ಭಕ್ತರಾದ ವಾಚಕರು ಮೊದಲು ಅರಸುವುದು ಪವಾಡಗಳನ್ನು. ಉರಿಯುವ ಬೆಂಕಿ ತಣ್ಣಗಾಯಿತು, ಸೆರೆಮನೆಯ ಬಾಗಿಲು ತಾನಾಗಿ ತೆರೆಯಿತು, ಕೊರಳಿಗೆ ಬಂದ ಕತ್ತಿ ಹೂಮಾಲೆಯಾಯಿತು ಎಂಬಂಥ ಪ್ರಸಂಗಗಳು ಬಂದೊಡನೆ ಮನಸ್ಸು ಹಿಗ್ಗುತ್ತದೆ. ಈ ಹಿಗ್ಗು ಅಸಹಜವಾದುದಲ್ಲ. ತಾನು ನಂಬಿದ ದೈವವು ತನ್ನವರ ಕೈ ಬಿಡಲಿಲ್ಲವೆಂಬ ನೆಮ್ಮದಿ ಅದರಲ್ಲಿದೆ. ಆದರೆ ವಿಚಾರಶೀಲನಾದ ವಾಚಕನು ಅಲ್ಲಿಯೇ ಒಂದು ಕ್ಷಣ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ಬೆಂಕಿ ತನ್ನನ್ನು ಸುಡದೆಂದು ಮೊದಲೇ ತಿಳಿದವನು ಬೆಂಕಿಗೆ ಇಳಿದರೆ ಅದರಲ್ಲಿ ಎದೆಗಾರಿಕೆಯ ಮಾತೆಲ್ಲಿ ಬಂತು? ಸುಡುತ್ತದೆಂದು ಬಲ್ಲವನು, ಸುಟ್ಟೀತೆಂದು ಅಂಜಿದವನು, ಆದರೂ ಹಿಂದೆಗೆಯದೆ ನಿಂತವನು, ಇವನಲ್ಲವೆ ಧೀರ?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಬೇರೆ ಬೇರೆ ನಾಡು, ನುಡಿ, ಮತಗಳಿಗೆ ಸೇರಿದ ನಾಲ್ಕು ಗ್ರಂಥಗಳನ್ನು ಇಲ್ಲಿ ಪರಾಮರ್ಶಿಸಲಾಗಿದೆ. ಹತ್ತನೆಯ ಶತಮಾನದ ಬಾಗ್ದಾದಿನ ಸೂಫಿಯೊಬ್ಬನ ಚರಿತ್ರೆ, ಹದಿನಾರನೆಯ ಶತಮಾನದ ಸ್ಪೇನಿನ ಕ್ರೈಸ್ತ ಯತಿಯೊಬ್ಬನ ಕಾವ್ಯ, ಇಪ್ಪತ್ತನೆಯ ಶತಮಾನದ ಜರ್ಮನಿಯ ಧರ್ಮೋಪದೇಶಕನೊಬ್ಬನ ಸೆರೆಮನೆಯ ಪತ್ರಗಳು, ಅದೇ ಶತಮಾನದ ರಷ್ಯಾದ ಕವಯಿತ್ರಿಯೊಬ್ಬಳ ಶೋಕಕಾವ್ಯ — ಇವೇ ಆ ನಾಲ್ಕು. ಇವುಗಳಿಗೂ ನಮ್ಮ ಶರಣ ಸಾಹಿತ್ಯಕ್ಕೂ ಕೊಳು-ಕೊಡೆಯ ಸಂಬಂಧವಿದೆಯೆಂದು ಸಾಧಿಸುವುದು ಈ ಲೇಖನದ ಉದ್ದೇಶವಲ್ಲ. ಅಂತಹ ಸಂಬಂಧವೇನೂ ಇಲ್ಲ. ಆದರೆ ನಾಲ್ಕರಲ್ಲಿಯೂ ಸಮಾನವಾದ ಒಂದು ಲಕ್ಷಣ ಕಾಣುತ್ತದೆ. ಚರಿತ್ರಕಾರರು ನಾಯಕನ ಅಂಜಿಕೆಯನ್ನು ಮುಚ್ಚಲು ಯತ್ನಿಸಿದ ಕಡೆಗಳಲ್ಲೆಲ್ಲ ಕಾವ್ಯವು ಅದನ್ನು ಕಾಪಾಡಿಕೊಂಡು ಬಂದಿದೆ. ಕಾಪಾಡಿದುದರಿಂದಲೇ ಆ ಧೈರ್ಯದ ನಿಜವಾದ ಬೆಲೆ ನಮಗೆ ತಿಳಿಯುವಂತಾಗಿದೆ. ಶರಣರ ಚರಿತ್ರೆಯನ್ನು ಓದುವವರಿಗೂ ಈ ಮಾತು ಉಪಯುಕ್ತವಾದೀತೆಂದು ಭಾವಿಸಿ ಇದನ್ನು ಬರೆಯಲಾಗಿದೆ.

೧

ಕ್ರಿ.ಶ. ೯೨೨ರ ಮಾರ್ಚ್ ೨೬ರಂದು ಬಾಗ್ದಾದಿನಲ್ಲಿ ಹುಸೇನ್ ಇಬ್ನ್ ಮನ್ಸೂರ್ ಅಲ್-ಹಲ್ಲಾಜ್ ಎಂಬ ಸೂಫಿಯನ್ನು ವಧಸ್ಥಾನಕ್ಕೆ ಒಯ್ದರು. ಹಲ್ಲಾಜನೆಂದರೆ ಹತ್ತಿ ಹಿಂಜುವವನೆಂದು ಅರ್ಥ. ಪರ್ಷಿಯಾದ ಫಾರ್ಸ್ ಪ್ರಾಂತದಲ್ಲಿ ಹುಟ್ಟಿದ ಈತನು ದೇಶಸಂಚಾರ ಮಾಡುತ್ತ ಭಾರತದವರೆಗೂ ಬಂದಿದ್ದನು. ತಾನೇ ಸತ್ಯವೆಂಬ ಅರ್ಥ ಬರುವ ಅವನ ಉದ್ಗಾರವು ಲೋಕಪ್ರಸಿದ್ಧವಾಗಿದೆ. ಅದಕ್ಕಾಗಿಯೇ ಅವನನ್ನು ಕೊಂದರೆಂಬುದು ಸಾಮಾನ್ಯರ ತಿಳಿವಳಿಕೆ. ಆದರೆ ನ್ಯಾಯವಿಚಾರಣೆಯಲ್ಲಿ ಅವನ ಮೇಲೆ ಹೊರಿಸಲಾದ ಮುಖ್ಯ ಆರೋಪ ಇನ್ನೊಂದು. ಮಕ್ಕಾ ಯಾತ್ರೆಗೆ ಹೋಗಲಾರದ ಭಕ್ತನು ತನ್ನ ಮನೆಯಲ್ಲಿಯೇ ಒಂದೆಡೆಯನ್ನು ಶುದ್ಧವಾಗಿರಿಸಿಕೊಂಡು, ಅಲ್ಲಿಯೇ ವಿಧಿಗಳನ್ನು ನೆರವೇರಿಸಿ, ಅನಾಥ ಮಕ್ಕಳಿಗೆ ಉಣಬಡಿಸಿ, ಉಡುಪು ಕೊಟ್ಟರೆ ಅದು ಯಾತ್ರೆಗೆ ಸಮಾನವೆಂದು ಅವನು ಬೋಧಿಸಿದನೆಂಬುದೇ ಆ ಆರೋಪ. ಸ್ಥಾವರ-ಜಂಗಮಗಳ ವಿವೇಚನೆಯನ್ನು ಬಲ್ಲ ನಮ್ಮ ವಾಚಕರಿಗೆ ಈ ಮಾತಿನ ತೂಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಲ್ಲಾಜನ ಕುರಿತು ಆಧುನಿಕ ಕಾಲದಲ್ಲಿ ಬಂದ ಮಹಾಗ್ರಂಥವೆಂದರೆ ಫ್ರಾನ್ಸಿನ ವಿದ್ವಾಂಸ ಲೂಯಿ ಮಾಸಿನ್ಯೋಂ ಅವರದು. ಅದರ ಮೊದಲ ಮುದ್ರಣವು ೧೯೨೨ರಲ್ಲಿ, ಅಂದರೆ ಹಲ್ಲಾಜನು ಮಡಿದ ಸರಿಯಾಗಿ ಸಾವಿರ ವರ್ಷಗಳ ಮೇಲೆ, ಹೊರಬಂದಿತು. ಮಾಸಿನ್ಯೋಂ ಅವರು ೧೯೬೨ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತ, ವಿಸ್ತರಿಸುತ್ತಲೇ ಇದ್ದರು. ಪರಿಷ್ಕೃತ ಆವೃತ್ತಿಯು ೧೯೭೫ರಲ್ಲಿಯೂ, ಅದರ ಇಂಗ್ಲಿಷ್ ಭಾಷಾಂತರವು ೧೯೮೨ರಲ್ಲಿ ನಾಲ್ಕು ಸಂಪುಟಗಳಲ್ಲಿಯೂ ಪ್ರಕಟವಾದವು. ಒಬ್ಬ ಸಂತನ ಬಾಳಿಗೆ ಒಬ್ಬ ಪಂಡಿತನು ತನ್ನ ಬಾಳನ್ನೇ ಸವೆಸಿದ ಉದಾಹರಣೆ ಇದು.

ಹಲ್ಲಾಜನ ಅಂತ್ಯವನ್ನು ಕುರಿತ ಎರಡು ಬಗೆಯ ವೃತ್ತಾಂತಗಳನ್ನು ಇಲ್ಲಿ ಎದುರುಬದುರಾಗಿಟ್ಟು ನೋಡುವುದು ಬೋಧಪ್ರದವಾಗಿದೆ. ಮೊದಲನೆಯದು ಸುಮಾರು ಮುನ್ನೂರು ವರ್ಷಗಳ ಅನಂತರ ಪರ್ಷಿಯನ್ ಕವಿ ಅತ್ತಾರನು ತನ್ನ ಸಂತಚರಿತ್ರೆಯಲ್ಲಿ ಹೇಳಿದುದು. ಕೈಗಳನ್ನು ಕತ್ತರಿಸಿದಾಗ ಹಲ್ಲಾಜನು ರಕ್ತಸಿಕ್ತವಾದ ತೋಳುಗಳನ್ನು ಮುಖಕ್ಕೆ ಸವರಿಕೊಂಡನಂತೆ. ಏಕೆಂದು ಕೇಳಿದವರಿಗೆ, ರಕ್ತ ಹರಿದುಹೋಗಿ ಮುಖ ಬಿಳಿಚಿರಬಹುದು, ಅದನ್ನು ಕಂಡವರು ಭಯದಿಂದ ಬಿಳಿಚಿತೆಂದು ತಿಳಿದಾರು, ಅದಕ್ಕಾಗಿ ಮುಖಕ್ಕೆ ಕೆಂಪು ಬಳಿದುಕೊಂಡೆ ಎಂದನಂತೆ. ಎರಡನೆಯದು ಹಲ್ಲಾಜನ ಮಗ ಹಮ್ದನ ಹೆಸರಿನಲ್ಲಿ ಉಳಿದುಬಂದಿರುವ, ವಧೆಯ ಹಿಂದಿನ ರಾತ್ರಿಯ ವೃತ್ತಾಂತ. ಅದರ ಪ್ರಕಾರ ಹಲ್ಲಾಜನು ಎದ್ದು ನಿಂತು ಪ್ರಾರ್ಥಿಸಿದ ಮೇಲೆ, ಇದು ಮೋಸ, ಇದು ವಂಚನೆ ಎಂಬ ಅರ್ಥದ ಒಂದೇ ಮಾತನ್ನು ರಾತ್ರಿ ಬಹುಪಾಲು ಕಳೆಯುವವರೆಗೂ ಜಪಿಸುತ್ತಿದ್ದನು. ಆಮೇಲೆ ಬಹಳ ಹೊತ್ತು ಮೌನವಾದನು. ಕೊನೆಗೆ ಸತ್ಯವೆಂಬ ಮಾತನ್ನು ಕೂಗಿ ಹೇಳಿದನು.

ಅತ್ತಾರನ ಹಲ್ಲಾಜನಿಗೆ ಮುಖ ಬಿಳಿಚುವುದೂ ಒಂದು ಕುಂದು. ಆದುದರಿಂದ ಅದಕ್ಕೆ ಬಣ್ಣ ಬಳಿಯಬೇಕಾಯಿತು. ಮಗನು ಕಂಡ ಹಲ್ಲಾಜನಾದರೋ ರಾತ್ರಿಯ ಬಹುಪಾಲು ತನ್ನ ದೈವವೇ ತನ್ನನ್ನು ವಂಚಿಸಿತೇನೋ ಎಂಬ ಸಂಶಯದೊಡನೆ ಸೆಣಸಿದವನು. ಆ ದೀರ್ಘಮೌನದಲ್ಲಿ ಏನು ನಡೆಯಿತೆಂಬುದನ್ನು ಯಾರೂ ಹೇಳಲಾರರು. ಆದರೆ ಮೌನದ ಆಚೆಗೆ ಬಂದ ಸತ್ಯವೆಂಬ ಆ ಮಾತಿಗೆ ಬೆಲೆ ಬಂದುದು ಈಚೆಗಿನ ವಂಚನೆಯೆಂಬ ಮಾತಿನಿಂದ. ತನ್ನ ಮತ್ತು ತನ್ನ ಪ್ರಿಯನ ನಡುವೆ ‘ನಾನು’ ಎಂಬುದೊಂದು ನಿಂತು ಕಾಡುತ್ತಿದೆ, ಅದನ್ನು ನೀನೇ ತೆಗೆದುಹಾಕು ಎಂದು ಅವನ ಕವಿತೆ ಬೇಡುತ್ತದೆ. ತನ್ನೊಳಗಿನ ತೊಡಕನ್ನು ಇಷ್ಟು ಸ್ಪಷ್ಟವಾಗಿ ಬಲ್ಲವನು ಮುಖಕ್ಕೆ ಬಣ್ಣ ಬಳಿದುಕೊಳ್ಳುವ ಅಗತ್ಯವಿರಲಿಲ್ಲ. ಮಾಸಿನ್ಯೋಂ ಅವರ ಗ್ರಂಥದ ಮೇಲೆ ಒಂದು ಆಕ್ಷೇಪಣೆಯುಂಟು: ಕ್ರೈಸ್ತಭಕ್ತರಾಗಿದ್ದ ಅವರು ಹಲ್ಲಾಜನಲ್ಲಿ ಕ್ರಿಸ್ತನ ಛಾಯೆಯನ್ನು ಹೆಚ್ಚಾಗಿ ಕಂಡರೆಂಬುದು. ಆಕ್ಷೇಪಣೆ ನಿರಾಧಾರವಾದುದಲ್ಲ. ಆದರೂ ಬಣ್ಣ ಬಳಿದ ಕಥೆಯನ್ನೂ ಬಣ್ಣವಿಲ್ಲದ ಕಥೆಯನ್ನೂ ಒಟ್ಟಿಗೆ ಸಂಗ್ರಹಿಸಿ, ಅವುಗಳ ಕಾಲ-ಮೂಲಗಳನ್ನು ಶೋಧಿಸಿ ನಮ್ಮ ಮುಂದಿರಿಸಿದ ಕೀರ್ತಿ ಅವರದೇ ಆಗಿದೆ.

೨

ಎರಡನೆಯ ಸಾಕ್ಷ್ಯವು ಸ್ಪೇನ್ ದೇಶದ ಶಿಲುಬೆಯ ಯೋಹಾನನದು. ೧೫೪೨ರಲ್ಲಿ ಕಾಸ್ತೀಲ್ ಪ್ರಾಂತದ ಬಡ ನೇಕಾರರ ಮನೆಯಲ್ಲಿ ಹುಟ್ಟಿದ ಈತನು ಕಾರ್ಮೆಲ್ ಪಂಥದ ಯತಿಯಾಗಿ, ಆವಿಲಾ ನಗರದ ಸಾಧ್ವಿ ತೆರೇಸಾಳು ಆರಂಭಿಸಿದ ಮಠಸುಧಾರಣೆಯ ಕಾರ್ಯಕ್ಕೆ ಕೈಗೂಡಿಸಿದನು. ಸುಧಾರಣೆಯನ್ನು ಒಪ್ಪದ ಅದೇ ಪಂಥದ ಯತಿಗಳು ೧೫೭೭ರ ಡಿಸೆಂಬರಿನಲ್ಲಿ ಒಂದು ರಾತ್ರಿ ಅವನನ್ನು ಹಿಡಿದು ತೊಲೇದೊ ನಗರದ ತಮ್ಮ ಮಠಕ್ಕೆ ಒಯ್ದು ಸೆರೆಯಿಟ್ಟರು. ಒಬ್ಬನೇ ಮಲಗಲು ಸಾಕಾಗುವಷ್ಟು ಇಕ್ಕಟ್ಟಾದ ಕತ್ತಲೆಕೋಣೆ, ಎತ್ತರದಲ್ಲಿ ಒಂದು ಸೀಳುಗಿಂಡಿ, ಆಹಾರವೆಂದರೆ ರೊಟ್ಟಿ ಮತ್ತು ನೀರು. ಸಾಲದುದಕ್ಕೆ ಊಟದ ಪಡಸಾಲೆಯಲ್ಲಿ ಯತಿಗಳೆಲ್ಲರ ಎದುರಿಗೆ ಚಾವಟಿಯ ಶಿಕ್ಷೆ. ಅವನನ್ನು ಹೀಗೆ ನಡೆಸಿಕೊಂಡವರು ಪರಧರ್ಮೀಯರಲ್ಲ, ತನ್ನದೇ ಧರ್ಮದ, ತನ್ನದೇ ಪಂಥದ ಬಂಧುಗಳೆಂಬುದನ್ನು ನೆನಪಿಡಬೇಕು.

ಸುಮಾರು ಒಂಬತ್ತು ತಿಂಗಳ ಈ ಸೆರೆವಾಸದಲ್ಲಿ ಅವನ ‘ಆತ್ಮಗೀತ’ದ ಹೆಚ್ಚಿನ ಪದ್ಯಗಳು ರೂಪುಗೊಂಡವು. ಕನಿಕರವುಳ್ಳ ಕಾವಲುಗಾರನೊಬ್ಬನು ಕಾಗದವನ್ನೂ ಶಾಯಿಯನ್ನೂ ಒದಗಿಸಿದ ಮೇಲೆ ಅವು ಬರೆಹಕ್ಕೆ ಇಳಿದವು. ಯೆಹೂದ್ಯರ ಪ್ರಾಚೀನ ‘ಪರಮಗೀತ’ದ ಮಾದರಿಯನ್ನು ಹಿಡಿದು ಆತ್ಮವನ್ನು ವಧುವೆಂದೂ ದೇವನನ್ನು ವರನೆಂದೂ ಭಾವಿಸಿ, ಮರೆಯಾದ ಪ್ರಿಯನನ್ನು ಬೆಟ್ಟ ಹೊಳೆಗಳಲ್ಲಿ ಅರಸುವ ಹೆಣ್ಣಿನ ದನಿಯಲ್ಲಿ ಈ ಕಾವ್ಯ ನಡೆಯುತ್ತದೆ. ಶರಣಸತಿ-ಲಿಂಗಪತಿ ಭಾವದಲ್ಲಿ ಬೆಳೆದ ಕನ್ನಡ ವಾಚಕನು ಇದನ್ನು ಓದಿದಾಗ ತನ್ನ ಮನೆಯಂಗಳಕ್ಕೇ ಕಾಲಿಟ್ಟಂತೆ ಅನುಭವಿಸುತ್ತಾನೆ. ವಿಶೇಷವೆಂದರೆ, ಕಾವ್ಯವು ತೊಡಗುವುದು ಮಿಲನದಿಂದಲ್ಲ, ಆಕ್ಷೇಪದಿಂದ. ಗಾಯಗೊಳಿಸಿ ಎಲ್ಲಿ ಅಡಗಿದೆಯೆಂದು ವಧುವು ಪ್ರಿಯನನ್ನು ಕೇಳುತ್ತಾಳೆ. ಕತ್ತಲೆಕೋಣೆಯಲ್ಲಿ ಬಿದ್ದ ಯತಿಯು ದೇವರಿಗೆ ಹಾಕಬಹುದಾಗಿದ್ದ ನೇರವಾದ ಪ್ರಶ್ನೆಯೇ ಅದು.

೧೫೭೮ರ ಆಗಸ್ಟಿನಲ್ಲಿ ಯೋಹಾನನು ಆ ಸೆರೆಯಿಂದ ತಪ್ಪಿಸಿಕೊಂಡನು. ಭಕ್ತಚರಿತ್ರಕಾರರು ಇದನ್ನು ದೇವಮಾತೆಯ ಕೃಪೆಯಿಂದ ನಡೆದ ಪವಾಡವೆಂದು ವರ್ಣಿಸಿದರು. ವಿವರಗಳನ್ನು ಗಮನಿಸಿದರೆ ಕಾಣುವುದು ಬೇರೆ. ಬಾಗಿಲಿನ ಬೀಗದ ತಿರುಪುಗಳನ್ನು ಅವನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಸಡಿಲಿಸುತ್ತ ಬಂದನು. ಹೊದಿಕೆಗಳನ್ನು ಸೀಳಿ, ಗಂಟಿಕ್ಕಿ ಹಗ್ಗ ಮಾಡಿದನು. ರಾತ್ರಿಯಲ್ಲಿ ಅದನ್ನು ಇಳಿಬಿಟ್ಟು ಗೋಡೆಯಿಂದ ಕೆಳಗಿಳಿದು ತೆರೇಸಾಳ ಪಂಥದ ಸಂನ್ಯಾಸಿನಿಯರ ಮಠದಲ್ಲಿ ಆಶ್ರಯ ಪಡೆದನು. ಅಲ್ಲಿ ತನ್ನ ಪದ್ಯಗಳನ್ನು ಅವರಿಗೆ ಓದಿ ಹೇಳಿದನು. ಬಳಲಿ ಬೆಂಡಾದ ದೇಹದ ಒಬ್ಬ ಮನುಷ್ಯನು, ಪ್ರತಿದಿನವೂ ಸಿಕ್ಕಿಬೀಳುವ ಭಯದಲ್ಲಿಯೇ, ಬೆರಳಿನಿಂದ ತಿರುಪು ಸಡಿಲಿಸುವ ತಾಳ್ಮೆಯನ್ನು ಪವಾಡವೆಂದು ಕರೆದರೆ ಅವನ ಶ್ರಮವನ್ನು ಅಳಿಸಿಹಾಕಿದಂತಾಗುತ್ತದೆ. ಆ ತಾಳ್ಮೆಯೇ ಕೃಪೆಯೆಂದು ಹೇಳಿದರೆ ಶ್ರಮವೂ ಉಳಿಯಿತು, ಕೃಪೆಯೂ ಉಳಿಯಿತು.

‘ಕಗ್ಗತ್ತಲ ರಾತ್ರಿ’ ಎಂಬ ತನ್ನ ಸಣ್ಣ ಕವಿತೆಯೊಂದಕ್ಕೆ ಯೋಹಾನನು ಮುಂದೆ ಗದ್ಯದಲ್ಲಿ ದೀರ್ಘವಾದ ವ್ಯಾಖ್ಯಾನ ಬರೆದನು. ಅದರಲ್ಲಿ ಮೊದಲ ಎರಡು ಪದ್ಯಗಳ ವಿವರಣೆ ಮುಗಿದು ಮೂರನೆಯದು ಆರಂಭವಾಗುತ್ತಿದ್ದಂತೆ ವ್ಯಾಖ್ಯಾನವು ನಿಂತುಹೋಗಿದೆ. ವ್ಯಾಖ್ಯಾನಕಾರನಾದ ಯೋಹಾನನು ಕತ್ತಲೆಯನ್ನು ಹಂತಹಂತವಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಪ್ರಯೋಜನವನ್ನು ಹೇಳುತ್ತಾನೆ. ಕವಿಯಾದ ಯೋಹಾನನು ಪ್ರಯೋಜನವನ್ನು ಹೇಳುವುದಿಲ್ಲ; ಕತ್ತಲೆಯಲ್ಲಿ ನಡೆಯುತ್ತಾನೆ. ಸಾಧಕನಿಗೆ ವ್ಯಾಖ್ಯಾನ ಬೇಕು, ನಿಜ. ಆದರೆ ಅಂಜಿ ನಿಂತವನ ಕೈ ಹಿಡಿಯುವ ಶಕ್ತಿಯಿರುವುದು ಕವಿತೆಗೆ.

೩

ಯೋಹಾನನನ್ನು ಸೆರೆಹಿಡಿದುದು ಮಠವಾದರೆ ಮೂರನೆಯ ಸಾಕ್ಷಿಯಾದ ದೀತ್ರಿಶ್ ಬೊನ್‌ಹೋಫರನನ್ನು ಸೆರೆಹಿಡಿದುದು ಆಧುನಿಕ ರಾಷ್ಟ್ರಪ್ರಭುತ್ವ. ೧೯೦೬ರಲ್ಲಿ ಹುಟ್ಟಿದ ಈ ಜರ್ಮನ್ ಧರ್ಮಶಾಸ್ತ್ರಜ್ಞನು ಹಿಟ್ಲರನ ಆಳ್ವಿಕೆಗೆ ತಲೆಬಾಗಿದ ಚರ್ಚನ್ನು ವಿರೋಧಿಸಿದವರಲ್ಲಿ ಪ್ರಮುಖನು. ಅಹಿಂಸಾಮಾರ್ಗವನ್ನು ಅರಿಯಲು ಭಾರತಕ್ಕೆ ಬರಬೇಕೆಂದು ಅವನು ಹಂಬಲಿಸಿದ್ದನು. ೧೯೩೪ರಲ್ಲಿ ಗಾಂಧೀಜಿಯವರು ಪತ್ರ ಬರೆದು ಅವನನ್ನು ಆಶ್ರಮಕ್ಕೆ ಆಹ್ವಾನಿಸಿಯೂ ಇದ್ದರು. ತನ್ನ ನಾಡಿನ ಕರ್ತವ್ಯದ ಕರೆಯಿಂದಾಗಿ ಆ ಪ್ರಯಾಣ ಕೈಗೂಡಲಿಲ್ಲ. ೧೯೩೯ರಲ್ಲಿ ಅಮೆರಿಕದಲ್ಲಿ ಸುರಕ್ಷಿತವಾಗಿರುವ ಅವಕಾಶ ದೊರೆತಾಗಲೂ ಕೆಲವೇ ವಾರಗಳಲ್ಲಿ ಸ್ವದೇಶಕ್ಕೆ ಮರಳಿದನು. ೧೯೪೩ರ ಏಪ್ರಿಲಿನಲ್ಲಿ ಅವನ ಬಂಧನವಾಯಿತು. ಬರ್ಲಿನ್ನಿನ ತೇಗೆಲ್ ಸೆರೆಮನೆಯಿಂದ ಅವನು ಬರೆದ ಪತ್ರಗಳನ್ನೂ ಕವಿತೆಗಳನ್ನೂ ಅವನ ಮಿತ್ರ ಎಬರ್‌ಹಾರ್ಟ್ ಬೆತ್ಗೆ ಅವರು ೧೯೫೧ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು.

ಈ ಸಂಗ್ರಹದಲ್ಲಿ ‘ನಾನಾರು?’ ಎಂಬ ಕವಿತೆಯೊಂದಿದೆ. ೧೯೪೪ರ ಬೇಸಗೆಯಲ್ಲಿ ರಚಿತವಾದುದು. ಸೆರೆಮನೆಯ ಕಾವಲುಗಾರರು ತನ್ನನ್ನು ಶಾಂತನೆಂದೂ ಪ್ರಸನ್ನನೆಂದೂ ಹೇಳುತ್ತಾರೆ. ತನಗೆ ಗೊತ್ತಿರುವ ತಾನಾದರೋ ತಳಮಳಿಸುವವನು, ಹಂಬಲಿಸುವವನು, ಪ್ರಾರ್ಥಿಸಲೂ ತ್ರಾಣವಿಲ್ಲದವನು. ಈ ಇಬ್ಬರಲ್ಲಿ ತಾನು ಯಾರು? ಕವಿತೆಯು ಈ ಪ್ರಶ್ನೆಯನ್ನು ಬಿಡಿಸುವುದಿಲ್ಲ. ಯಾರಾದರೂ ಸರಿ, ತಾನು ದೇವನವನೆಂದು ಹೇಳಿ ಮುಗಿಯುತ್ತದೆ. ಇದರ ಮಹತ್ತ್ವವನ್ನು ಅರಿಯಬೇಕಾದರೆ ಇದನ್ನು ಬರೆದವನ ಸ್ಥಿತಿಯನ್ನು ನೆನೆಯಬೇಕು. ಸೆರೆಯಲ್ಲಿದ್ದ ಇತರರು ಅವನಿಂದ ಧೈರ್ಯವನ್ನು ಎರವಲು ಪಡೆಯುತ್ತಿದ್ದರು. ಅಂಥವನು ತನ್ನ ಬೊಕ್ಕಸ ಬರಿದಾಗಿದೆಯೆಂದು ಒಪ್ಪಿಕೊಳ್ಳುವುದು ಸುಲಭವಾದ ಕೆಲಸವಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಕಾವಲುಗಾರನೊಬ್ಬನ ನೆರವಿನಿಂದ ತಪ್ಪಿಸಿಕೊಳ್ಳುವ ದಾರಿಯೂ ತೆರೆದಿತ್ತು. ತನ್ನ ಅಣ್ಣನ ಬಂಧನವಾಯಿತೆಂದು ತಿಳಿದಾಗ, ತಾನು ಓಡಿದರೆ ಮನೆಯವರಿಗೆ ಇನ್ನೂ ಕೇಡು ಒದಗೀತೆಂದು ಅವನು ಆ ದಾರಿಯನ್ನು ಬಿಟ್ಟುಕೊಟ್ಟನು. ಯೋಹಾನನು ತಪ್ಪಿಸಿಕೊಂಡುದೂ ಬೊನ್‌ಹೋಫರನು ಉಳಿದುಕೊಂಡುದೂ ಒಂದೇ ಧೈರ್ಯದ ಎರಡು ರೂಪಗಳೆಂದು ಭಾವಿಸಬಹುದು.

ಮನುಷ್ಯನ ತಿಳಿವಿಗೆ ನಿಲುಕದ ಸಂದುಗಳನ್ನು ತುಂಬುವುದಕ್ಕಾಗಿ ಮಾತ್ರ ದೇವರನ್ನು ಕರೆಯುವ ರೂಢಿಯನ್ನು ಈ ಪತ್ರಗಳು ತೀವ್ರವಾಗಿ ಖಂಡಿಸುತ್ತವೆ. ಕಷ್ಟದಲ್ಲಿ ಮಾತ್ರವಲ್ಲ, ಬಾಳಿನ ನಟ್ಟನಡುವೆ, ಬಲದಲ್ಲಿಯೂ ದೇವನನ್ನು ಕಾಣಬೇಕೆಂಬುದು ಅವನ ನಿಲುವು. ೧೯೪೫ರ ಏಪ್ರಿಲ್ ೯ರಂದು, ಯುದ್ಧ ಮುಗಿಯಲು ಒಂದು ತಿಂಗಳಿರುವಾಗ, ಫ್ಲೊಸೆನ್‌ಬ್ಯೂರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಶಿಬಿರದ ವೈದ್ಯನಾಗಿದ್ದವನೊಬ್ಬನು ಎಷ್ಟೋ ವರ್ಷಗಳ ಮೇಲೆ, ಬೊನ್‌ಹೋಫರನು ಮಂಡಿಯೂರಿ ಪ್ರಾರ್ಥಿಸಿ ಅತ್ಯಂತ ಶಾಂತನಾಗಿ ಪ್ರಾಣಬಿಟ್ಟನೆಂದು ಬರೆದನು. ಈ ವರ್ಣನೆಯು ಬಹಳ ಜನಪ್ರಿಯವಾಯಿತು. ಆದರೆ ಅನಂತರದ ಸಂಶೋಧಕರು ಇದರ ಸತ್ಯಾಸತ್ಯತೆಯನ್ನು ಸಂದೇಹಿಸಿರುವರು; ಕೊಂದವರ ಪಕ್ಷದಲ್ಲಿದ್ದವನು ಹೇಳಿದ ಸುಂದರವಾದ ಸಾವಿನ ಕಥೆಯನ್ನು ಹಾಗೆಯೇ ನಂಬುವುದು ಹೇಗೆಂದು ಅವರು ಕೇಳುತ್ತಾರೆ. ಅತ್ತಾರನು ಭಕ್ತಿಯಿಂದ ಬಳಿದ ಬಣ್ಣವನ್ನು ಇಲ್ಲಿ ಬೇರೊಬ್ಬನು ಬೇರೊಂದು ಕಾರಣಕ್ಕಾಗಿ ಬಳಿದಿರಬಹುದು. ಅಪರಾಧದಲ್ಲಿ ಪಾಲಿದ್ದವನಿಗೂ ಪವಾಡದ ಕಥೆ ಅನುಕೂಲವಾಗಬಲ್ಲದೆಂಬುದು ನಾವು ಮರೆಯಬಾರದ ಪಾಠ.

೪

ಈ ಮೂವರೂ ತಮ್ಮ ಮೇಲೆ ಬಂದುದನ್ನು ತಾವೇ ಎದುರಿಸಿದವರು. ತನ್ನ ಕರುಳಿನ ಕುಡಿಯ ಮೇಲೆ ಬಂದುದನ್ನು ಹೊರಗೆ ನಿಂತು ಸಹಿಸಬೇಕಾದವಳ ಧೈರ್ಯ ಎಂತಹುದು? ರಷ್ಯಾದ ಕವಯಿತ್ರಿ ಆನಾ ಅಖ್ಮಾತೊವಾಳ ‘ರೆಕ್ವಿಯಂ’ ಈ ಪ್ರಶ್ನೆಗೆ ಉತ್ತರವಾಗಿದೆ. ಮೃತರ ಸದ್ಗತಿಗಾಗಿ ಚರ್ಚಿನಲ್ಲಿ ನಡೆಸುವ ಆರಾಧನೆಯ ಹೆಸರನ್ನೇ ಅವಳು ಕಾವ್ಯಕ್ಕೆ ಇಟ್ಟಳು. ಅವಳ ಮಾಜಿ ಪತಿ, ಕವಿ ಗುಮಿಲ್ಯೋವನನ್ನು ೧೯೨೧ರಲ್ಲಿಯೇ ಗುಂಡಿಕ್ಕಿ ಕೊಂದಿದ್ದರು. ಮಗ ಲೆವ್ ೧೯೩೫ರಲ್ಲಿ ಒಮ್ಮೆ, ೧೯೩೮ರಲ್ಲಿ ಮತ್ತೊಮ್ಮೆ ಬಂಧಿತನಾದನು. ಹದಿನೇಳು ತಿಂಗಳುಗಳ ಕಾಲ ಅವಳು ಲೆನಿನ್‌ಗ್ರಾಡಿನ ಸೆರೆಮನೆಗಳ ಮುಂದೆ ಇತರ ತಾಯಂದಿರು, ಹೆಂಡಂದಿರೊಡನೆ ಸಾಲಿನಲ್ಲಿ ನಿಂತಳು. ಕಾವ್ಯದ ಗದ್ಯಪೀಠಿಕೆಯಲ್ಲಿ ಅವಳು ಹೇಳುವಂತೆ, ಆ ಸಾಲಿನಲ್ಲಿದ್ದ ಅಪರಿಚಿತಳೊಬ್ಬಳು ಇದನ್ನು ವರ್ಣಿಸಲು ನಿನ್ನಿಂದ ಸಾಧ್ಯವೇ ಎಂದು ಪಿಸುಮಾತಿನಲ್ಲಿ ಕೇಳಿದಳು. ಸಾಧ್ಯವೆಂದು ಇವಳು ಉತ್ತರಿಸಿದಳು. ಕಾವ್ಯದ ಹುಟ್ಟು ಆ ವಾಗ್ದಾನದಲ್ಲಿದೆ.

ಆದರೆ ಬರೆದಿಡುವುದು ಪ್ರಾಣಾಪಾಯದ ಕೆಲಸವಾಗಿತ್ತು. ಲಿದಿಯಾ ಚುಕೊವ್‌ಸ್ಕಯಾ ಎಂಬ ಲೇಖಕಿಯು ತನ್ನ ದಿನಚರಿಯ ಗ್ರಂಥದಲ್ಲಿ ಇದರ ವಿವರಗಳನ್ನು ಕೊಟ್ಟಿರುವಳು. ಗೋಡೆಗಳಿಗೂ ಕಿವಿಯಿದ್ದ ಆ ದಿನಗಳಲ್ಲಿ ಅಖ್ಮಾತೊವಾ ಚೂರು ಕಾಗದದ ಮೇಲೆ ಪದ್ಯವನ್ನು ಬರೆದು ಗೆಳತಿಯ ಕೈಗೆ ಕೊಡುವಳು. ಹೊರಗೆ ಕೇಳುವಂತೆ ಮಾತ್ರ ಹವೆಯ ವಿಷಯವನ್ನೋ ಚಹದ ವಿಷಯವನ್ನೋ ಮಾತನಾಡುವಳು. ಗೆಳತಿಯು ಪದ್ಯವನ್ನು ಬಾಯಿಪಾಠ ಮಾಡಿ ಹಿಂದಿರುಗಿಸಿದೊಡನೆ ಕಾಗದವನ್ನು ಸುಟ್ಟುಬಿಡುವಳು. ಚುಕೊವ್‌ಸ್ಕಯಾಳ ಪತಿಯೂ, ಭೌತವಿಜ್ಞಾನಿ, ೧೯೩೮ರಲ್ಲಿ ಕೊಲ್ಲಲ್ಪಟ್ಟಿದ್ದನು. ಅಂದರೆ ಕಂಠದಲ್ಲಿ ಹೊತ್ತ ಕಾವ್ಯವು ಅವಳ ಸ್ವಂತ ಶೋಕವೂ ಆಗಿತ್ತು. ಹೀಗೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಈ ಕಾವ್ಯವು ಕೆಲವೇ ಹೆಂಗಸರ ನೆನಪಿನಲ್ಲಿ ಬದುಕಿತು. ೧೯೬೩ರಲ್ಲಿ ಮ್ಯೂನಿಕ್ಕಿನಲ್ಲಿ ಅಚ್ಚಾಯಿತು. ಅವಳು ೧೯೬೬ರಲ್ಲಿ ಕಣ್ಮುಚ್ಚಿದಳು. ಸೋವಿಯತ್ ರಷ್ಯಾದಲ್ಲಿ ಕಾವ್ಯವು ಪ್ರಕಟವಾದುದು ೧೯೮೭ರಲ್ಲಿ.

ಕಾವ್ಯದ ಕೊನೆಯ ಭಾಗದಲ್ಲಿ ಕ್ರಿಸ್ತನನ್ನು ಶಿಲುಬೆಗೇರಿಸಿದ ಪ್ರಸಂಗ ಬರುತ್ತದೆ. ಅಲ್ಲಿ ಕವಯಿತ್ರಿಯ ಕಣ್ಣು ನೆಲೆಸುವುದು ಮೌನವಾಗಿ ನಿಂತ ತಾಯಿಯ ಮೇಲೆ. ಅವಳತ್ತ ನೋಡುವ ಧೈರ್ಯ ಯಾರಿಗೂ ಆಗಲಿಲ್ಲವೆಂದು ಅವಳು ಹೇಳುತ್ತಾಳೆ. ಪುನರುತ್ಥಾನದ ಪ್ರಸ್ತಾಪವನ್ನೇ ಮಾಡದೆ ಅವಳು ಅಲ್ಲಿಗೆ ನಿಲ್ಲಿಸುತ್ತಾಳೆ. ಶ್ರದ್ಧಾವಂತಳಾದ ಕವಯಿತ್ರಿಯ ಈ ಸಂಯಮವು ವಿಚಾರಾರ್ಹವಾಗಿದೆ. ಸಾಲಿನಲ್ಲಿ ನಿಂತ ತಾಯಂದಿರಿಗೆ ತಮ್ಮ ಮಕ್ಕಳು ಮರಳಿ ಬರುವರೆಂಬ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ಅವರಿಗಿಲ್ಲದ ಸಮಾಧಾನವನ್ನು ಕಾವ್ಯಕ್ಕೆ ಮಾತ್ರ ತಂದುಕೊಳ್ಳಲು ಅವಳು ಒಪ್ಪಲಿಲ್ಲ.

ಅವಳ ಜೀವನದ ಇನ್ನೊಂದು ಸಂಗತಿಯನ್ನೂ ಇಲ್ಲಿ ಮರೆಮಾಚಬಾರದು. ೧೯೪೯ರಲ್ಲಿ ಮಗನನ್ನು ಮತ್ತೆ ಬಂಧಿಸಿದಾಗ, ಅವನ ಪ್ರಾಣ ಉಳಿದೀತೆಂಬ ಆಸೆಯಿಂದ ಅವಳು ಸ್ಟಾಲಿನ್ನನನ್ನು ಹೊಗಳುವ ಪದ್ಯಗಳನ್ನು ಬರೆದಳು. ಅವು ೧೯೫೦ರಲ್ಲಿ ಪತ್ರಿಕೆಯಲ್ಲಿ ಪ್ರಕಟವಾದವು. ಮಗನ ಬಿಡುಗಡೆಯಾದುದು ೧೯೫೬ರಲ್ಲಿ, ಸ್ಟಾಲಿನ್ನನು ಸತ್ತ ಮೇಲೆ. ನಿಷ್ಠುರರಾದ ವಿಮರ್ಶಕರು ಇದನ್ನು ಅವಳ ಸೋಲೆಂದು ಎಣಿಸುವರು. ತಾಯಿಯಾದವಳು ಮಗನಿಗಾಗಿ ತನ್ನ ಹೆಸರನ್ನೇ ಒತ್ತೆಯಿಟ್ಟಳೆಂದು ತಿಳಿಯುವುದು ಹೆಚ್ಚು ನ್ಯಾಯವಾದುದು. ಹೊಗಳಿಕೆಯ ಆ ಪದ್ಯಗಳನ್ನು ಈಗ ಯಾರೂ ಓದುವುದಿಲ್ಲ. ಕಂಠದಲ್ಲಿ ಉಳಿದ ಕಾವ್ಯವನ್ನು ಲೋಕವೇ ಓದುತ್ತಿದೆ. ಬಾಗಿದ ತಲೆ, ಬಾಗದ ನೆನಪು ಎರಡೂ ಒಬ್ಬಳಲ್ಲಿಯೇ ಇದ್ದವೆಂಬುದನ್ನು ಒಪ್ಪಿಕೊಂಡಾಗ ಮಾತ್ರ ಅವಳ ಧೈರ್ಯದ ಸ್ವರೂಪವು ನಮಗೆ ವಿದಿತವಾಗುತ್ತದೆ.

೫

ಈ ನಾಲ್ಕು ಸಾಕ್ಷ್ಯಗಳ ಬೆಳಕಿನಲ್ಲಿ ನಮ್ಮ ಪರಂಪರೆಯತ್ತ ಹೊರಳಿದರೆ ಏನು ಕಾಣುತ್ತದೆ? ನಮ್ಮಲ್ಲಿಯೂ ಶರಣರ ಬಾಳು ಎರಡು ಪ್ರವಾಹಗಳಲ್ಲಿ ಹರಿದುಬಂದಿದೆ. ಒಂದು ಪುರಾಣಗಳ ಪ್ರವಾಹ, ಇನ್ನೊಂದು ವಚನಗಳ ಪ್ರವಾಹ. ಪಾಲ್ಕುರಿಕೆ ಸೋಮನಾಥನ ತೆಲುಗು ಕಾವ್ಯವನ್ನು ಅನುಸರಿಸಿ ೧೩೬೯ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಬಸವಪುರಾಣದಲ್ಲಿ ಪವಾಡಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಬಸವಣ್ಣನವರ ವಚನಗಳಲ್ಲಾದರೋ ಪದೇ ಪದೇ ಎದುರಾಗುವುದು ಆತ್ಮಪರೀಕ್ಷೆ: ಮನಸ್ಸಿನ ಚಂಚಲತೆಯನ್ನು ಕುರಿತ ಅಳಲು, ತನ್ನ ಭಕ್ತಿ ಸಾಲದೆಂಬ ಕೊರಗು, ನುಡಿದಂತೆ ನಡೆಯಲಾಗದಿದ್ದರೆ ಎಂಬ ಅಳುಕು. ಪುರಾಣದ ಬಸವಣ್ಣನವರು ಸೋಲನ್ನೇ ಅರಿಯರು. ವಚನದ ಬಸವಣ್ಣನವರು ದಿನದಿನವೂ ತಮ್ಮನ್ನು ತಾವೇ ಒರೆಗೆ ಹಚ್ಚಿಕೊಳ್ಳುವರು. ಕಲ್ಯಾಣದ ಅರಮನೆಯಲ್ಲಿ ಅಧಿಕಾರದ ಸ್ಥಾನದಲ್ಲಿದ್ದುಕೊಂಡೇ ಕೀಳೆನಿಸಿದವರನ್ನು ಅಪ್ಪಿಕೊಂಡ ಕಾರ್ಯಕ್ಕೆ ಎಂತಹ ಎದೆಗಾರಿಕೆ ಬೇಕಾಗಿತ್ತೆಂಬುದನ್ನು ತಿಳಿಸುವುದು ಈ ಎರಡನೆಯ ಚಿತ್ರವೇ.

ಆದರೆ ಪುರಾಣಕಾರರನ್ನು ಹಳಿಯುವುದು ಈ ಮಾತಿನ ಅಭಿಪ್ರಾಯವಲ್ಲ. ಬರೆಹವು ದುರ್ಲಭವಾಗಿದ್ದ ಕಾಲದಲ್ಲಿ ಸಾಮಾನ್ಯ ಜನರ ನೆನಪಿನಲ್ಲಿ ಶರಣರನ್ನು ಉಳಿಸಿದುದು ಪವಾಡದ ಕಥೆಗಳೇ. ಕೃತಜ್ಞತೆಯು ಕಥೆಯ ರೂಪ ತಾಳಿದಾಗ ಪವಾಡವಾಗುತ್ತದೆ. ಆದುದರಿಂದ ಅವೆಲ್ಲವೂ ಸುಳ್ಳಿನ ಕಂತೆಯೆಂದು ತಳ್ಳಿಹಾಕುವ ವಿಚಾರವಾದಿಯೂ, ಅವುಗಳ ಹೊರತು ಶರಣರಲ್ಲಿ ಬೇರೇನೂ ಇಲ್ಲವೆಂದು ಬಗೆಯುವ ಭಕ್ತನೂ ಒಂದೇ ಬಗೆಯಾಗಿ ಎಡವುತ್ತಾರೆ. ಮಹಾಕವಿಯ ಕೈಯಲ್ಲಿ ಇವೆರಡೂ ಕೂಡಿ ಬರಬಲ್ಲವೆಂಬುದಕ್ಕೆ ಹರಿಹರನೇ ನಿದರ್ಶನ. ಬಸವರಾಜದೇವರ ರಗಳೆಯಲ್ಲಿ ಸಂಗಮನಾಥನು ಕನಸಿನಲ್ಲಿ ಬಂದು ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಆಜ್ಞಾಪಿಸಿದಾಗ, ತನ್ನ ದೈವವನ್ನು ಅಗಲಬೇಕಾಯಿತೆಂದು ಬಸವಣ್ಣನವರು ದುಃಖಿಸುತ್ತಾರೆ. ಆಜ್ಞೆ ದೈವದ್ದು, ಅದೊಂದು ಪವಾಡವೇ. ಆದರೆ ಅದನ್ನು ಕೇಳಿ ಕರಗುವ ಹೃದಯ ಮನುಷ್ಯನದು. ಹರಿಹರನು ಆ ಕಣ್ಣೀರನ್ನು ಒರೆಸಿಹಾಕಲಿಲ್ಲ.

ಶೂನ್ಯಸಂಪಾದನೆಯಲ್ಲಿ ಬರುವ ಮುಕ್ತಾಯಕ್ಕನ ಪ್ರಸಂಗವನ್ನು ಅಖ್ಮಾತೊವಾಳ ಕಾವ್ಯದ ಜೊತೆಗಿಟ್ಟು ಓದುವುದು ಉಚಿತವಾಗಿದೆ. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿರುವ ಅವಳನ್ನು ಅಲ್ಲಮಪ್ರಭುಗಳು ಸಂಧಿಸುತ್ತಾರೆ. ಅವರ ಪ್ರಶ್ನೆಗಳಿಗೆ ಅವಳು ತಟ್ಟನೆ ತಲೆಬಾಗುವುದಿಲ್ಲ. ತನ್ನ ಶೋಕದ ನೆಲೆಯಲ್ಲಿಯೇ ನಿಂತು ವಾದಿಸುತ್ತಾಳೆ. ಅರಿವು ಮೂಡುವುದು ಆ ವಾದದ ಮೂಲಕ. ಸಂಪಾದನಕಾರನು ಅವಳ ದುಃಖವನ್ನು ಅಜ್ಞಾನವೆಂದು ಒಂದೇ ಮಾತಿನಲ್ಲಿ ಮುಗಿಸಿದ್ದರೆ ಆ ಸಂವಾದವೇ ಹುಟ್ಟುತ್ತಿರಲಿಲ್ಲ. ಷಟ್‌ಸ್ಥಲ ಮಾರ್ಗದಲ್ಲಿ ಶ್ರದ್ಧಾಭಕ್ತಿಯ ಮುಂದಿನ ಮೆಟ್ಟಿಲು ನಿಷ್ಠಾಭಕ್ತಿ. ನಿಷ್ಠೆಯೆಂದರೆ ಅಲುಗಾಡಿಸಿ ನೋಡಿದ ಮೇಲೂ ನಿಂತ ಶ್ರದ್ಧೆ. ಅಲುಗಾಟದ ಅನುಭವವೇ ಇಲ್ಲದವನಿಗೆ ಆ ಮೆಟ್ಟಿಲಿನ ಅರ್ಥವಾದರೂ ಹೇಗೆ ಹೊಳೆದೀತು? ಸಿದ್ಧಾಂತಶಿಖಾಮಣಿಯೂ ‘ವೀರ’ ಶಬ್ದವನ್ನು ಕತ್ತಿಯ ಪರವಾಗಿ ಬಿಡಿಸದೆ, ಶಿವಜೀವೈಕ್ಯವನ್ನು ಬೋಧಿಸುವ ವಿದ್ಯೆಯಲ್ಲಿ ರಮಿಸುವವನೆಂದು ನಿರ್ವಚಿಸಿರುವುದು ಇಲ್ಲಿ ಸ್ಮರಣೀಯವಾಗಿದೆ.

ಇನ್ನೊಂದು ಮಾತನ್ನು ಹೇಳಿ ಮುಗಿಸಬಹುದು. ಈ ನಾಲ್ವರ ಧೈರ್ಯವೂ ಒಂಟಿಯಾಗಿ ಉಳಿದು ಬರಲಿಲ್ಲ. ಹಲ್ಲಾಜನ ಕೊನೆಯ ರಾತ್ರಿಯನ್ನು ಅವನ ಮಗನು ನೆನಪಿಟ್ಟನು. ಯೋಹಾನನಿಗೆ ಕಾವಲುಗಾರನು ಕಾಗದ ಕೊಟ್ಟನು, ಸಂನ್ಯಾಸಿನಿಯರು ಆಶ್ರಯ ಕೊಟ್ಟರು. ಬೊನ್‌ಹೋಫರನ ಪತ್ರಗಳನ್ನು ಡ"ಬ್ಬಿಗಳಲ್ಲಿಟ್ಟು ತೋಟದ ಮಣ್ಣಿನಲ್ಲಿ ಹೂಳಿ ಕಾಪಾಡಿದರು. ಅಖ್ಮಾತೊವಾಳ ಕಾವ್ಯವು ಗೆಳತಿಯರ ಕಂಠದಲ್ಲಿ ಉಳಿಯಿತು. ಕಲ್ಯಾಣದ ಕ್ಷೋಭೆಯ ತರುವಾಯ ವಚನಗಳು ಉಳಿದುದೂ ಹೀಗೆಯೇ: ಮಠಗಳಲ್ಲಿ, ಭಕ್ತರ ಮನೆಗಳಲ್ಲಿ, ಹೆಸರು ತಿಳಿಯದ ಲಿಪಿಕಾರರು ತಲೆಮಾರಿನಿಂದ ತಲೆಮಾರಿಗೆ ಪ್ರತಿಮಾಡಿಟ್ಟ ತಾಳೆಯೋಲೆಯ ಕಟ್ಟುಗಳಲ್ಲಿ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಅವುಗಳನ್ನು ಹುಡುಕಿ, ಓದಿ, ವಿಂಗಡಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿ ತಮ್ಮ ಆಯುಷ್ಯವನ್ನೇ ಅದಕ್ಕೆ ಮುಡಿಪಾಗಿಟ್ಟರು. ಅವರು ಓಲೆಗಳಿಂದ ಎತ್ತಿ ಕೊಟ್ಟುದು ಶರಣರ ಗೆಲವನ್ನು ಮಾತ್ರವಲ್ಲ, ಅಳುಕನ್ನೂ ಅಳಲನ್ನೂ ಸಹ.

ಪೂಜಿಸುವ ಕೈಗೆ ಓಲೆಯ ಕಟ್ಟನ್ನು ಬಿಚ್ಚಿ ಓದುವ ಹೊಣೆಯೂ ಇದೆ. ಶರಣರ ಮುಖಕ್ಕೆ ನಾವು ಭಕ್ತಿಯಿಂದ ಬಳಿದ ಬಣ್ಣದ ಹಿಂದೆ ಅವರ ನಿಜವಾದ ಮುಖಕಾಂತಿಯಿದೆ. ಅವರೂ ನಮ್ಮಂತೆ ಅಂಜಿದವರು, ಅಂಜಿದ ಮೇಲೂ ನಿಂತವರು ಎಂದು ಅರಿತ ಓದುಗನಿಗೆ, ತಾನೂ ನಿಲ್ಲಬಹುದೆಂಬ ಭರವಸೆ ಮೂಡುತ್ತದೆ. ಪವಾಡಕ್ಕೆ ನಾವು ಕೈಮುಗಿಯಬಹುದು. ಹಿಂಬಾಲಿಸಲು ಸಾಧ್ಯವಾಗುವುದು ಎದೆಗಾರಿಕೆಯನ್ನು.